ಕಲಿಸುವವರು ಕಲಿಯಬೇಕಾದದ್ದು

(ಶ್ರಾವಣಮಾಸದ ಪ್ರವಚನಮಾಲೆಯಲ್ಲಿ, ಅಧ್ಯಾಪಕರ ಸಮಾವೇಶದ ದಿನ ಪೂಜ್ಯ ಶ್ರೀಗಳು ದಯಪಾಲಿಸಿದ ಆಶೀರ್ವಚನ)





ಮೊನ್ನೆ ಸೋಮವಾರ ಪ್ರಸಾದವಾದ ಮೇಲೆ ಒಬ್ಬ ಅಧ್ಯಾಪಕರು ನಮ್ಮ ಬಳಿ ಬಂದು ಕುಳಿತರು. ವಿಶ್ವವಿದ್ಯಾಲಯವೊಂದರಲ್ಲಿ ಹನ್ನೆರಡು ವರ್ಷದಿಂದ ಪಾಠ ಹೇಳುತ್ತಿರುವವರು. ಪದವಿಗಳಿವೆ, ಪ್ರಕಟವಾದ ಲೇಖನಗಳಿವೆ, ಕೆಲಸವೂ ಖಾಯಂ ಆಗಿದೆ. ಆದರೂ ಮುಖದಲ್ಲಿ ಗೆಲುವಿರಲಿಲ್ಲ. ಎಲ್ಲರೂ ಎದ್ದು ಹೋಗುವವರೆಗೆ ಕಾದಿದ್ದು ಮೆಲ್ಲಗೆ ಹೇಳಿದರು: "ಅಪ್ಪಾವರೇ, ಮೊದಲ ವರ್ಷ ಹೇಗೆ ಪಾಠ ಹೇಳುತ್ತಿದ್ದೆನೋ ಇಂದೂ ಹಾಗೆಯೇ ಹೇಳುತ್ತಿದ್ದೇನೆ. ನಾನು ಮಾತನಾಡುತ್ತಿರುತ್ತೇನೆ, ಹುಡುಗರು ಕುಳಿತಿರುತ್ತಾರೆ. ಗಂಟೆ ಹೊಡೆಯುತ್ತದೆ, ಎದ್ದು ಹೋಗುತ್ತೇವೆ. ನಾನು ಒಳ್ಳೆಯ ಅಧ್ಯಾಪಕನಾಗುವುದು ಹೇಗೆ? ಇದನ್ನು ಯಾರ ಮುಂದೆ ಕೇಳಬೇಕೋ ತಿಳಿಯದು."

ಬಂಧುಗಳೇ, ಈ ಪ್ರಶ್ನೆ ಕೇಳಿ ನಮಗೆ ಬಹಳ ಸಂತೋಷವಾಯಿತು. ಹನ್ನೆರಡು ವರ್ಷ ಕಲಿಸಿದ ಮೇಲೆ "ನನಗೆ ಕಲಿಸಲು ಬರುತ್ತದೆಯೇ?" ಎಂದು ಕೇಳಿಕೊಳ್ಳುವುದು ಸಾಮಾನ್ಯ ಮಾತಲ್ಲ. ಅದು ಅಹಂಕಾರ ಕರಗಿದವರ ಪ್ರಶ್ನೆ. ಅವರ ಅಪ್ಪಣೆ ಪಡೆದು, ಹೆಸರು ಹೇಳದೆ, ಅದೇ ಪ್ರಶ್ನೆಯನ್ನು ಇಂದು ತಮ್ಮೆಲ್ಲರ ಮುಂದೆ ಇಟ್ಟಿದ್ದೇವೆ. "ಇದು ಪ್ರೊಫೆಸರರ ವಿಷಯ, ಒಕ್ಕಲುತನ ಮಾಡುವ ನಮಗೇಕೆ?" ಎಂದು ಹಿಂದೆ ಕುಳಿತವರು ಎದ್ದು ಹೋಗಬೇಡಿರಿ. ಹೊಲ ಒತ್ತೆ ಇಟ್ಟು ಫೀಸು ಕಟ್ಟಿದವರು ತಾವೇ. ಆ ತರಗತಿಯಲ್ಲಿ ಕುಳಿತದ್ದು ತಮ್ಮ ಮಗನೇ, ತಮ್ಮ ಮಗಳೇ.

ಮೊದಲು ಒಂದು ವಿಚಿತ್ರವನ್ನು ನೋಡಿರಿ. ಒಂದನೆಯ ಇಯತ್ತೆಯ ಮಗುವಿಗೆ ಅ ಆ ಇ ಈ ಕಲಿಸಬೇಕಾದರೆ ಶಿಕ್ಷಕನು ತರಬೇತಿ ಪಡೆದಿರಬೇಕು. ಹೈಸ್ಕೂಲಿನಲ್ಲಿ ಕಲಿಸಬೇಕಾದರೆ ಬಿ.ಎಡ್. ಬೇಕು. ಆದರೆ ಎಂ.ಎ., ಎಂ.ಎಸ್ಸಿ. ತರಗತಿಗೆ ಪಾಠ ಹೇಳುವವನಿಗೆ ಕಲಿಸುವ ಕಲೆಯ ತರಬೇತಿ ಮೊದಲೇ ಆಗಿರಬೇಕೆಂಬ ನಿಯಮವಿಲ್ಲ. ವಿಷಯ ಬಂದರೆ ಸಾಕು, ಕಲಿಸಲು ತಾನಾಗಿಯೇ ಬರುತ್ತದೆ ಎಂದು ತಿಳಿದಿದ್ದೇವೆ. 1989ರಿಂದ ನಡೆಯುತ್ತ ಬಂದಿರುವ ನೆಟ್ ಪರೀಕ್ಷೆ ಇದೆ. ಅದು ಬರೆಯುವ ಪರೀಕ್ಷೆ, ಎದುರಿಗೆ ವಿದ್ಯಾರ್ಥಿಗಳನ್ನು ಕೂರಿಸಿ ನೋಡುವ ಪರೀಕ್ಷೆಯಲ್ಲ. ಈ ಕೊರತೆ ಸರಕಾರಕ್ಕೂ ಕಾಣದೆ ಇಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ 1987ರಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳೆಂಬ ಕೇಂದ್ರಗಳು ಹುಟ್ಟಿದವು. ಅಲ್ಲಿ ಅಧ್ಯಾಪಕರು ಕೆಲವು ವಾರ ಕುಳಿತು ಬರುತ್ತಾರೆ, ಪ್ರಮಾಣಪತ್ರ ತರುತ್ತಾರೆ. 2010ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಬಡ್ತಿಗೆ ಅಂಕಗಳ ಲೆಕ್ಕವನ್ನು ತಂದಿತು: ಎಷ್ಟು ಲೇಖನ, ಎಷ್ಟು ವಿಚಾರಗೋಷ್ಠಿ, ಎಷ್ಟು ಪುಸ್ತಕ. ಮುಂದೆ 2018ರಲ್ಲಿ ಆ ನಿಯಮಗಳು ಬದಲಾದವು. ಲೆಕ್ಕ ಇಡುವುದು ತಪ್ಪಲ್ಲ. ಆದರೆ ಎದುರಿಗೆ ಕುಳಿತ ಹುಡುಗನ ಒಳಗೆ ಏನಾಯಿತು ಎಂಬುದನ್ನು ಅಳೆಯುವ ಕೋಲು ಯಾವ ಕಚೇರಿಯಲ್ಲಿಯೂ ಇಲ್ಲ. ಅದು ಅಧ್ಯಾಪಕನ ಅಂತಃಸಾಕ್ಷಿಯಲ್ಲಿಯೇ ಇರಬೇಕು.

ಈಗ ಅಧ್ಯಾಪಕ ಎಂಬ ಶಬ್ದವನ್ನೇ ವಿಚಾರಿಸೋಣ. ನಾವು ಬಾಲ್ಯದಲ್ಲಿ ಕಲಿತದ್ದು ವ್ಯಾಕರಣ. ಆ ಅಭ್ಯಾಸ ಬಿಟ್ಟಿಲ್ಲ, ಸಹಿಸಿಕೊಳ್ಳಿರಿ. ಓದುವುದು ಎಂಬ ಅರ್ಥದ ಒಂದು ಧಾತು ಇದೆ. ಅದಕ್ಕೆ 'ಅಧಿ' ಎಂಬ ಉಪಸರ್ಗ ಸೇರಿ ಅಧ್ಯಯನ ಎಂಬ ಶಬ್ದವಾಯಿತು. ಅದೇ ಧಾತುವಿಗೆ ಪ್ರೇರಣೆಯ ಪ್ರತ್ಯಯ ಹತ್ತಿದರೆ ಅಧ್ಯಾಪನ, ಅಧ್ಯಾಪಕ. ಅಂದರೆ ಓದುವಂತೆ ಮಾಡುವವನು. ಕನ್ನಡದಲ್ಲಿ ಇನ್ನೂ ಸರಳವಾಗಿದೆ. ಕಲಿ, ಕಲಿಸು, ಓದು, ಓದಿಸು, ಉಣ್ಣು, ಉಣಿಸು. ತಾಯಿ ಮಗುವಿಗೆ ಉಣಿಸಿದಳು ಎಂದು ಯಾವಾಗ ಹೇಳುತ್ತೀರಿ? ತುತ್ತು ಕಲಸಿ ತಾಟಿನಲ್ಲಿ ಇಟ್ಟು ಎದ್ದು ಹೋದರೆ ಉಣಿಸಿದಂತಾಯಿತೇ? ಮಗು ಉಂಡರೆ ಮಾತ್ರ ತಾಯಿ ಉಣಿಸಿದಳು. ಮಗು ಉಣ್ಣಲಿಲ್ಲವೆಂದರೆ ತಾಯಿ ಅಡುಗೆ ಮಾಡಿದಳು, ಬಡಿಸಿದಳು, ಕೂಗಿದಳು, ಬೇಕಾದದ್ದು ಹೇಳಬಹುದು. ಉಣಿಸಿದಳು ಎನ್ನಲು ಬಾರದು. ಹಾಗೆಯೇ ವಿದ್ಯಾರ್ಥಿ ಕಲಿತರೆ ಮಾತ್ರ ಅಧ್ಯಾಪಕನು ಕಲಿಸಿದನು. ಇಲ್ಲವಾದರೆ ಅವನು ಮಾತನಾಡಿದನು, ಅಷ್ಟೆ. "ನಾನು ಚೆನ್ನಾಗಿಯೇ ಕಲಿಸಿದೆ, ಹುಡುಗರೇ ಕಲಿಯಲಿಲ್ಲ" ಎಂಬ ಮಾತು ವ್ಯಾಕರಣದ ದೃಷ್ಟಿಯಿಂದಲೇ ಅಶುದ್ಧ!

ನಮ್ಮ ಪರಂಪರೆಯ ಇಷ್ಟಲಿಂಗ ದೀಕ್ಷೆಯೂ ಇದನ್ನೇ ಹೇಳುತ್ತದೆ. ಗುರು ಲಿಂಗವನ್ನು ತಂದು ಶಿಷ್ಯನ ಅಂಗೈಯಲ್ಲಿ ಇಡುತ್ತಾನೆ. ನೋಡಬೇಕಾದ ಕಣ್ಣು ಶಿಷ್ಯನದು. ಶಿಷ್ಯನ ಪರವಾಗಿ ಗುರುವೇ ನೋಡಿಬಿಡಲು ಸಾಧ್ಯವಿಲ್ಲ. ಶಿಷ್ಯನ ದೃಷ್ಟಿ ಅಲ್ಲಿ ನಿಂತಿತೋ ಇಲ್ಲವೋ ಎಂದು ಪಕ್ಕದಲ್ಲಿ ನಿಂತು ನೋಡುವುದೇ ಗುರುವಿನ ಕೆಲಸ.

ಕಾಳಿದಾಸನ ಮಾಲವಿಕಾಗ್ನಿಮಿತ್ರ ನಾಟಕದಲ್ಲಿ ಇಬ್ಬರು ನಾಟ್ಯಾಚಾರ್ಯರಿದ್ದಾರೆ, ಗಣದಾಸ ಮತ್ತು ಹರದತ್ತ. ನಾನು ದೊಡ್ಡವನು, ನಾನು ದೊಡ್ಡವನು ಎಂದು ಇಬ್ಬರಿಗೂ ಜಗಳ ಹತ್ತಿತು. ನ್ಯಾಯ ರಾಜನ ಮುಂದೆ ಬಂದಿತು. ಕೌಶಿಕಿ ಎಂಬ ಪರಿವ್ರಾಜಿಕೆಯನ್ನು ನಿರ್ಣಾಯಕಿಯನ್ನಾಗಿ ಮಾಡಿದರು. ಆ ತಾಯಿ ಏನು ಮಾಡಿದಳು ಗೊತ್ತೇ? ಆಚಾರ್ಯರಿಬ್ಬರಿಗೆ ಕುಣಿಯಲು ಹೇಳಲಿಲ್ಲ. ನಿಮ್ಮ ಶಿಷ್ಯರನ್ನು ಕರೆತನ್ನಿರಿ, ಅವರ ಪ್ರಯೋಗವನ್ನು ನೋಡಿ ನಿಮ್ಮನ್ನು ಅಳೆಯೋಣ ಎಂದಳು. ರಾಜನಿಗೆ ಬೇಕಾಗಿದ್ದದ್ದು ಶಿಷ್ಯೆಯಾದ ಮಾಲವಿಕೆಯ ದರ್ಶನ, ಅದು ಬೇರೆ ಮಾತು! ಆದರೆ ಕವಿ ಇಟ್ಟ ತಕ್ಕಡಿ ಸರಿಯಾದದ್ದು. ಒಬ್ಬನಿಗೆ ವಿದ್ಯೆ ತನ್ನೊಳಗೆ ಚೆನ್ನಾಗಿರುತ್ತದೆ, ಇನ್ನೊಬ್ಬನಿಗೆ ಅದನ್ನು ದಾಟಿಸುವ ಶಕ್ತಿ ಇರುತ್ತದೆ, ಎರಡೂ ಉಳ್ಳವನು ಮೊದಲ ಸಾಲಿನವನು ಎಂಬ ಅಭಿಪ್ರಾಯವೂ ಅಲ್ಲಿ ಬರುತ್ತದೆ. ಸ್ಥಾನ ಸಿಕ್ಕಿತೆಂದು ನಿಶ್ಚಿಂತನಾಗಿ ಚರ್ಚೆಗೆ ಹೆದರಿ ಕುಳಿತವನನ್ನು, ವಿದ್ಯೆಯನ್ನು ಬರೀ ಹೊಟ್ಟೆಪಾಡು ಮಾಡಿಕೊಂಡವನನ್ನು ಜ್ಞಾನದ ವರ್ತಕನೆಂದು ಗಣದಾಸನು ಹಳಿಯುತ್ತಾನೆ. ಕೆಲಸ ಖಾಯಂ ಆದ ಆದೇಶಪತ್ರವನ್ನು ಕಾಳಿದಾಸನು ಅಂದೇ ಕಂಡಿದ್ದನೋ ಏನೋ!

ಬೇರೆಯವರ ಮಾತು ಸಾಕು. ಈಗ ನಮ್ಮ ತಪ್ಪಿನ ಮಾತನ್ನು ಹೇಳುತ್ತೇವೆ. ಪೀಠದ ಮೇಲೆ ಕುಳಿತು ಇದನ್ನು ಹೇಳಬಾರದೆಂದು ಕೆಲವರು ತಡೆದರು. ಆದರೆ ಹೇಳದಿದ್ದರೆ ಇಂದಿನ ಪ್ರವಚನಕ್ಕೆ ಅರ್ಥವಿಲ್ಲ.

ಸುಮಾರು ಮೂವತ್ತು ವರ್ಷಗಳ ಹಿಂದೆ, ಇನ್ನೂ ನಮಗೆ ಪಟ್ಟವಾಗಿರಲಿಲ್ಲ, ಒಂದು ಪಾಠಶಾಲೆಯಲ್ಲಿ ಲಘುಸಿದ್ಧಾಂತಕೌಮುದಿಯ ಪಾಠ ಹೇಳುತ್ತಿದ್ದೆವು. ಹೊಸ ಹುರುಪು. ಸೂತ್ರಗಳು ನಾಲಗೆಯ ಮೇಲೆ ಕುಣಿಯುತ್ತಿದ್ದವು. ತರಗತಿಯಲ್ಲಿ ಬಡ ಒಕ್ಕಲು ಮನೆತನದ ಒಬ್ಬ ಹುಡುಗನಿದ್ದನು. ಮೊದಲ ತಿಂಗಳಿನಲ್ಲಿ ಅವನು ಎದ್ದು ನಿಂತು, "ಗುರುಗಳೇ, ಇಲ್ಲಿ ಈ ಅಕ್ಷರ ಯಾಕ ಬದಲಾಗಬೇಕ್ರೀ? ಇದ್ದಂಗ ಇದ್ದರ ಏನಾಗತೈತಿ?" ಎಂದು ಕೇಳಿದನು. ನಿಜ ಹೇಳಬೇಕೆಂದರೆ ಅದಕ್ಕೆ ಉತ್ತರ ನಮಗೆ ಥಟ್ಟನೆ ಹೊಳೆಯಲಿಲ್ಲ. ಸೂತ್ರ ಬರುತ್ತಿತ್ತು, ಕಾರಣ ವಿಚಾರಿಸಿರಲಿಲ್ಲ. ಆ ಮುಜುಗರವನ್ನು ಮುಚ್ಚಲು, "ಮೊದಲು ಸೂತ್ರ ಬಾಯಿಪಾಠ ಮಾಡು, ಆಮೇಲೆ ಪ್ರಶ್ನೆ ಕೇಳುವ ಯೋಗ್ಯತೆ ಬರುತ್ತದೆ, ದಡ್ಡ" ಎಂದು ಗದರಿಸಿದೆವು. ಹುಡುಗರೆಲ್ಲ ನಕ್ಕರು. ಅವನು ಕುಳಿತುಕೊಂಡನು. ಮತ್ತೆಂದೂ ಪ್ರಶ್ನೆ ಕೇಳಲಿಲ್ಲ. ಶಿಸ್ತು ಬಂದಿತೆಂದು ನಾವು ಹೆಮ್ಮೆಪಟ್ಟೆವು.

ವರ್ಷದ ಕೊನೆಗೆ ಎಲ್ಲರೂ ಸೂತ್ರಗಳನ್ನು ನಿರರ್ಗಳವಾಗಿ ಒಪ್ಪಿಸಿದರು. ಆಗ ವೃದ್ಧ ಪಂಡಿತರೊಬ್ಬರು ಪಾಠಶಾಲೆಗೆ ಬಂದಿದ್ದರು. ಅವರು ಹುಡುಗರು ಹಿಂದೆಂದೂ ಕಾಣದ ಒಂದು ವಾಕ್ಯವನ್ನು ಹಲಗೆಯ ಮೇಲೆ ಬರೆದು, ಇದರಲ್ಲಿ ಸಂಧಿ ಬಿಡಿಸಿರಿ ಎಂದರು. ಒಬ್ಬನಿಗೂ ಬರಲಿಲ್ಲ. ಸೂತ್ರ ಗೊತ್ತು, ಅದು ಎಲ್ಲಿ ಕೂಡುತ್ತದೆ ಎಂಬುದು ಗೊತ್ತಿಲ್ಲ. ಕೀಲಿಕೈ ಗೊಂಚಲು ಸೊಂಟದಲ್ಲಿದೆ, ಮನೆಯ ಬಾಗಿಲು ಮಾತ್ರ ತೆರೆಯದು! ಪಂಡಿತರು ಹುಡುಗರ ಮುಂದೆ ಏನೂ ಅನ್ನಲಿಲ್ಲ. ರಾತ್ರಿ ನಮ್ಮನ್ನು ಕರೆದು ಒಂದೇ ಮಾತು ಹೇಳಿದರು: "ನಿನ್ನ ಪಾಠ ಚೆನ್ನಾಗಿ ಮುಗಿದಿದೆಯಪ್ಪ. ಅವರ ಪಾಠ ಎಂದು ಆರಂಭಿಸುತ್ತಿ?"

ಆ ಮಾತು ಎದೆಗೆ ನಾಟಿತು. ಮರುವರ್ಷ ಪಾಠದ ರೀತಿಯನ್ನು ಬದಲಿಸಿದೆವು. ಆದರೆ ಆ ಹುಡುಗ ಮರುವರ್ಷ ಬರಲಿಲ್ಲ. ಪಾಠಶಾಲೆ ಬಿಟ್ಟಿದ್ದನು.

ಇಪ್ಪತ್ತು ವರ್ಷಗಳಾದ ಮೇಲೆ ಒಂದು ಬಸ್‌ನಿಲ್ದಾಣದಲ್ಲಿ ಕಂಡಕ್ಟರರೊಬ್ಬರು ಓಡಿಬಂದು ಪಾದಕ್ಕೆ ನಮಸ್ಕರಿಸಿದರು. ಅವನೇ. "ಯಾಕೆ ಬಿಟ್ಟೆ ಮಗು?" ಎಂದು ಕೇಳಿದೆವು. ಅವನು ನಗುತ್ತಲೇ ಹೇಳಿದನು: "ನೀವು ಚಲೋ ಹೇಳತಿದ್ರೀ ಅಪ್ಪಾರ. ನಾನ ದಡ್ಡ ಇದ್ದೆ. ನನ್ನ ತಲಿಗೆ ಹತ್ತಲಿಲ್ಲ." ಬಂಧುಗಳೇ, ಅವನು ಬೈದಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ. ನಮಗೆ ಉತ್ತರ ಬಾರದ ತಪ್ಪಿಗೆ ನಾವು ಅವನಿಗೆ ಒಂದು ಹೆಸರಿಟ್ಟೆವು. ಅವನು ಆ ಹೆಸರನ್ನು ನಂಬಿ ಇಪ್ಪತ್ತು ವರ್ಷ ಹೊತ್ತುಕೊಂಡು ತಿರುಗಿದನು. ವೈದ್ಯನ ತಪ್ಪು ರೋಗಿಯ ಮೈಯಲ್ಲಿ ಕಾಣುತ್ತದೆ, ಬಡಿಗನ ತಪ್ಪು ಬಾಗಿಲಲ್ಲಿ ಕಾಣುತ್ತದೆ. ಅಧ್ಯಾಪಕನ ತಪ್ಪು ಮಾತ್ರ ಶಿಷ್ಯನ ದೋಷವಾಗಿ ಕಾಣುತ್ತದೆ. ಶಿಷ್ಯನಿಗೂ ಹಾಗೆಯೇ ಕಾಣುತ್ತದೆ. ಆದ್ದರಿಂದ ಅಧ್ಯಾಪಕನು ತಾನಾಗಿ ಹುಡುಕದ ಹೊರತು ತನ್ನ ತಪ್ಪು ಅವನಿಗೆ ಸಿಗುವುದೇ ಇಲ್ಲ.

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರೊಬ್ಬರು ನಮಗೆ ಒಂದು ಸಂಗತಿ ತಿಳಿಸಿದರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಮಝೂರ್ ಎಂಬ ಪ್ರಾಧ್ಯಾಪಕರು 1984ರಲ್ಲಿ ಕಲಿಸಲು ಆರಂಭಿಸಿದರು. ವಿದ್ಯಾರ್ಥಿಗಳು ಅವರನ್ನು ಮೆಚ್ಚಿ ಒಳ್ಳೆಯ ಅಂಕ ಕೊಡುತ್ತಿದ್ದರು, ಪರೀಕ್ಷೆಯ ಲೆಕ್ಕಗಳನ್ನೂ ಚೆನ್ನಾಗಿ ಬಿಡಿಸುತ್ತಿದ್ದರು. ತಾನು ಉತ್ತಮ ಅಧ್ಯಾಪಕನೆಂದು ಅವರಿಗೆ ಸಂಶಯವೇ ಇರಲಿಲ್ಲ. ಕೆಲವು ವರ್ಷಗಳಾದ ಮೇಲೆ, ವಿದ್ಯಾರ್ಥಿಗಳು ಸೂತ್ರ ಹಾಕಿ ಲೆಕ್ಕ ಬಿಡಿಸುತ್ತಾರೆಯೇ ಹೊರತು ಅವರಿಗೆ ಮೂಲ ತತ್ತ್ವ ತಿಳಿದಿರುವುದಿಲ್ಲ ಎಂದು ಬೇರೆಡೆಯ ಅಧ್ಯಾಪಕರು ಬರೆದದ್ದನ್ನು ಓದಿದರು. ನನ್ನ ವಿದ್ಯಾರ್ಥಿಗಳು ಹಾಗಲ್ಲ ಎಂದುಕೊಂಡು, ಆ ಸರಳ ಪ್ರಶ್ನೆಗಳನ್ನು ತಮ್ಮ ತರಗತಿಗೂ ಕೊಟ್ಟರು.

ಪ್ರಶ್ನೆ ಎಂಥದು? ದೊಡ್ಡ ಲಾರಿಯೂ ಸಣ್ಣ ಕಾರೂ ಡಿಕ್ಕಿ ಹೊಡೆದರೆ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆ? ನಾವೂ "ಲಾರಿಯೇ" ಎಂದೆವು. ನಮ್ಮ ಅಧ್ಯಾಪಕರು ನಕ್ಕು, "ಇಲ್ಲ ಅಪ್ಪಾವರೇ, ಎರಡೂ ಬಲ ಸಮಸಮ. ಕಾರು ಹಗುರಾದ್ದರಿಂದ ಅದರ ಗತಿ ಹೆಚ್ಚು ಬದಲಾಗುತ್ತದೆ, ಅಷ್ಟೆ" ಎಂದು ವಿವರಿಸಿದರು. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಎಂಬ ನ್ಯೂಟನ್ನನ ನಿಯಮ ಎಲ್ಲ ಹುಡುಗರಿಗೂ ಬಾಯಿಪಾಠ. ಆದರೆ ಹಾರ್ವರ್ಡಿನಲ್ಲಿಯೂ ಬಹಳ ಜನ ಎಡವಿದರು. ಒಬ್ಬ ವಿದ್ಯಾರ್ಥಿನಿಯಂತೂ, ಇವಕ್ಕೆ ನೀವು ಕಲಿಸಿದಂತೆ ಉತ್ತರ ಬರೆಯಲೋ, ನನಗೆ ಅನ್ನಿಸಿದಂತೆ ಬರೆಯಲೋ ಎಂದು ಕೇಳಿದಳಂತೆ! ನೋಡಿರಿ, ತಲೆಯಲ್ಲಿ ಎರಡು ಕೋಣೆ. ಒಂದರಲ್ಲಿ ಮೇಷ್ಟರ ಮಾತು, ಇನ್ನೊಂದರಲ್ಲಿ ತನ್ನ ತಿಳಿವಳಿಕೆ. ನಡುವೆ ಬಾಗಿಲಿಲ್ಲ.

ಆ ಪ್ರಾಧ್ಯಾಪಕರು ಒಂದು ಪ್ರಶ್ನೆಯನ್ನು ಎಷ್ಟು ಬಗೆಯಾಗಿ ವಿವರಿಸಿದರೂ ತಿಳಿಯದಿದ್ದಾಗ, ನಿಮ್ಮ ನಿಮ್ಮಲ್ಲೇ ಮಾತನಾಡಿಕೊಳ್ಳಿರಿ ಎಂದು ಬಿಟ್ಟರು. ತರಗತಿ ಗದ್ದಲವಾಯಿತು. ಆದರೆ ಕೆಲವೇ ನಿಮಿಷಗಳಲ್ಲಿ ಹುಡುಗರು ತಾವೇ ಸರಿಯಾದ ಉತ್ತರಕ್ಕೆ ಬಂದರು. ಏಕೆ? ಈಗ ತಾನೇ ತಿಳಿದುಕೊಂಡವನಿಗೆ ತಾನು ಎಡವಿದ ಕಲ್ಲು ನೆನಪಿರುತ್ತದೆ. ಹತ್ತಾರು ವರ್ಷ ಹಿಂದೆ ತಿಳಿದುಕೊಂಡ ಅಧ್ಯಾಪಕನಿಗೆ ಆ ಕಲ್ಲು ಮರೆತೇ ಹೋಗಿರುತ್ತದೆ. 1991ರಿಂದ ಅವರು ತಮ್ಮ ಪಾಠವನ್ನೇ ಹಾಗೆ ಬದಲಿಸಿದರು. ಸ್ವಲ್ಪ ಹೇಳುವುದು, ಒಂದು ಪ್ರಶ್ನೆ ಕೇಳುವುದು, ಪ್ರತಿಯೊಬ್ಬನೂ ತನ್ನ ಉತ್ತರ ಹೇಳುವುದು, ಪಕ್ಕದವನೊಡನೆ ಚರ್ಚಿಸುವುದು, ಮತ್ತೆ ಉತ್ತರಿಸುವುದು. ಇದನ್ನು ಕೇಳಿದಾಗ ನಮಗೆ ಕಲ್ಯಾಣದ ಅನುಭವಮಂಟಪವೇ ನೆನಪಾಯಿತು. ಅಲ್ಲಿ ಒಬ್ಬರು ಹೇಳಿ ಉಳಿದವರು ತಲೆಯಾಡಿಸಲಿಲ್ಲ. ಅಕ್ಕಮಹಾದೇವಿ ಬಂದರೆ ಅಲ್ಲಮರ ಪ್ರಶ್ನೆ. ಆಯ್ದಕ್ಕಿ ಮಾರಯ್ಯನಿಗೆ ತಿಳಿವಳಿಕೆ ಹೇಳಿದವಳು ಹೆಂಡತಿ ಲಕ್ಕಮ್ಮ. ಶೂನ್ಯಸಂಪಾದನೆ ಎಂಬ ಗ್ರಂಥವೇ ಆದಿಯಿಂದ ಅಂತ್ಯದವರೆಗೆ ಸಂವಾದದ ರೂಪದಲ್ಲಿದೆ.

"ಇದೆಲ್ಲ ಸರಿ ಅಪ್ಪಾವರೇ, ಹೀಗೆ ಮಾಡುತ್ತ ಕುಳಿತರೆ ಸಿಲೆಬಸ್ ಮುಗಿಯುವುದು ಹೇಗೆ? ಸೆಮಿಸ್ಟರು ನಾಲ್ಕು ತಿಂಗಳಿನದು" ಎಂದು ತಾವು ಕೇಳುತ್ತೀರಿ. ಇದಕ್ಕೆ ಭಗವಾನ್ ಪತಂಜಲಿಗಳು ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿಯೇ ಉತ್ತರ ಹೇಳಿದ್ದಾರೆ. ದೇವಗುರು ಬೃಹಸ್ಪತಿ ಪಾಠ ಹೇಳುವವನು, ದೇವೇಂದ್ರ ಕೇಳುವವನು, ಕಾಲ ಒಂದು ಸಾವಿರ ದಿವ್ಯವರ್ಷ. ಒಂದೊಂದೇ ಶಬ್ದವನ್ನು ಹೇಳುತ್ತ ಹೋದರು, ಆದರೂ ಕೊನೆ ಮುಟ್ಟಲಿಲ್ಲವಂತೆ. ಅಂಥ ಗುರು, ಅಂಥ ಶಿಷ್ಯ, ಅಷ್ಟು ಕಾಲ! ನೂರು ವರ್ಷ ಬದುಕಿದರೆ ಹೆಚ್ಚೆನ್ನುವ ನಮ್ಮ ಪಾಡೇನು? ಆದ್ದರಿಂದ ಒಂದೊಂದನ್ನೂ ಹೇಳುವುದು ಉಪಾಯವಲ್ಲ. ಸಾಮಾನ್ಯ ನಿಯಮವನ್ನೂ ಅದಕ್ಕೆ ಅಪವಾದವನ್ನೂ ತಿಳಿಸಿಕೊಟ್ಟರೆ ಉಳಿದದ್ದನ್ನು ಶಿಷ್ಯನೇ ಸಾಧಿಸಿಕೊಳ್ಳುತ್ತಾನೆ ಎಂಬುದು ಅವರ ನಿರ್ಣಯ. ಬೃಹಸ್ಪತಿಯಿಂದಲೇ ಸಿಲೆಬಸ್ ಮುಗಿಯಲಿಲ್ಲ! ತಾವು ಮುಗಿಸಿದ್ದೇವೆ ಎನ್ನುತ್ತೀರಲ್ಲ, ಮುಗಿದದ್ದು ಪುಸ್ತಕವೋ, ವಿದ್ಯಾರ್ಥಿಯ ಆಸಕ್ತಿಯೋ ಎಂದು ಒಮ್ಮೆ ವಿಚಾರ ಮಾಡಿರಿ. ಇಂದು ವಿಷಯವೆಲ್ಲ ಹುಡುಗನ ಜೇಬಿನ ಫೋನಿನಲ್ಲಿಯೇ ಇದೆ. ಕೇಳಿದರೆ ಯಂತ್ರವೇ ಪ್ರಬಂಧ ಬರೆದುಕೊಡುತ್ತದೆ. ಹೀಗಿರುವಾಗ ಓದಿ ಬರೆಯಿಸುವ ಅಧ್ಯಾಪಕನು ಯಾರಿಗೆ ಬೇಕು? ಎಲ್ಲಿ ತಿಳಿಯಲಿಲ್ಲ ಎಂಬುದನ್ನು ಮುಖ ನೋಡಿ ಗುರುತಿಸುವ ಅಧ್ಯಾಪಕನು ಮಾತ್ರ ಎಂದಿಗೂ ಬೇಕು.

ಈಗ ನಾಳೆಯಿಂದಲೇ ಮಾಡಬಹುದಾದ ಕೆಲವು ಮಾತುಗಳು.

ಮೊದಲನೆಯದು ಮೌನ. ಮೇರಿ ಬಡ್ ರೋ ಎಂಬ ಅಮೆರಿಕದ ವಿದುಷಿಯೊಬ್ಬರು ಶಾಲೆಗಳ ಪಾಠಗಳನ್ನು ಧ್ವನಿಮುದ್ರಿಸಿಕೊಂಡು ಅಳೆದು, 1970ರ ದಶಕದಲ್ಲಿ ಅದರ ಫಲವನ್ನು ಪ್ರಕಟಿಸಿದರು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತಾರೆ? ಸರಾಸರಿ ಒಂದು ಸೆಕೆಂಡು! ಅಷ್ಟರೊಳಗೆ ಉತ್ತರ ಬಾರದಿದ್ದರೆ ತಾವೇ ಹೇಳಿಬಿಡುತ್ತಾರೆ, ಇಲ್ಲವೇ ಬೇರೊಬ್ಬನತ್ತ ತಿರುಗುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಬಾಯಿ ಬಿಟ್ಟರು. ದಡ್ಡರೆಂದು ಎಣಿಸಿದವರೂ ಮಾತನಾಡಿದರು. ಅದು ಶಾಲೆಯ ಮಾತಾದರೂ ಕಾಲೇಜಿಗೂ ಒಪ್ಪುತ್ತದೆ. ದಿನಾಲು ಲಿಂಗಪೂಜೆಯಲ್ಲಿ ಮೌನವಾಗಿ ಕುಳಿತುಕೊಳ್ಳುವ ನಮಗೆ ತರಗತಿಯಲ್ಲಿ ಮೂರು ಸೆಕೆಂಡು ಮೌನವಾಗಿರಲು ಬಾರದೇ?

ಎರಡನೆಯದು, ಒಂದು ತುಂಡು ಕಾಗದ. ಗಂಟೆ ಹೊಡೆಯಲು ಐದು ನಿಮಿಷವಿರುವಾಗ ಪಾಠ ನಿಲ್ಲಿಸಿ, "ಇಂದು ತಿಳಿದದ್ದು ಒಂದು, ತಿಳಿಯದೆ ಉಳಿದದ್ದು ಒಂದು, ಹೆಸರು ಹಾಕದೆ ಬರೆದುಕೊಡಿ" ಎಂದು ಹೇಳಿರಿ. ಮನೆಯಲ್ಲಿ ಕುಳಿತು ಓದಿರಿ. ಮೊದಲ ದಿನ ಎದೆ ಒಡೆದಂತಾಗುತ್ತದೆ. ಹೆದರಬೇಡಿರಿ. ಮರುದಿನ ತರಗತಿಗೆ ಹೋಗಿ, "ನಿನ್ನೆ ಈ ಮಾತನ್ನು ನಾನು ಸರಿಯಾಗಿ ಹೇಳಲಿಲ್ಲ, ಮತ್ತೊಮ್ಮೆ ಹೇಳುತ್ತೇನೆ" ಎಂದು ಆರಂಭಿಸಿರಿ. ಈ ಒಂದು ಮಾತಿನಿಂದ ತಮ್ಮ ಗೌರವ ಕಡಿಮೆಯಾಗುವುದಿಲ್ಲ, ಹತ್ತು ಪಟ್ಟು ಹೆಚ್ಚಾಗುತ್ತದೆ.

ಮೂರನೆಯದು ಭಾಷೆ. ಹಳ್ಳಿಯಲ್ಲಿ ಕನ್ನಡದಲ್ಲಿ ಓದಿದ ಮಗು ಕಾಲೇಜಿಗೆ ಬಂದ ದಿನವೇ ವಿಜ್ಞಾನವನ್ನೂ ವಾಣಿಜ್ಯವನ್ನೂ ಇಂಗ್ಲಿಷಿನಲ್ಲಿ ಎದುರಿಸಬೇಕು. ಅದು ಸುಮ್ಮನೆ ಕುಳಿತದ್ದು ಬುದ್ಧಿ ಇಲ್ಲದ್ದರಿಂದ ಅಲ್ಲ, ಶಬ್ದ ಇಲ್ಲದ್ದರಿಂದ. ಕಠಿಣವಾದ ಮಾತನ್ನು ಒಮ್ಮೆ ಅದರ ತಾಯ್ನುಡಿಯಲ್ಲಿ ಹೇಳಿರಿ. ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲು ಅವಕಾಶ ಕೊಡಿರಿ. ಶರಣರು ಅತ್ಯಂತ ಗಹನವಾದ ತತ್ತ್ವವನ್ನು ಜನರ ಮಾತಿನಲ್ಲಿ ಹೇಳಿದ್ದರಿಂದ ತತ್ತ್ವದ ತೂಕವೇನೂ ಕಡಿಮೆಯಾಗಲಿಲ್ಲ.

ನಾಲ್ಕನೆಯದು, ಟಿಪ್ಪಣಿ ಜಂಗಮವಾಗಿರಬೇಕು, ಸ್ಥಾವರವಾಗಬಾರದು. ಮೊದಲ ವರ್ಷ ಬರೆದ ಟಿಪ್ಪಣಿ ಹಳದಿಯಾಗಿ ಅಂಚು ಮುರಿದಿದ್ದರೂ ಅದನ್ನೇ ಓದುವವರಿದ್ದಾರೆ. ಮೈಸೂರಿನ ಪ್ರೊಫೆಸರ್ ಎಂ. ಹಿರಿಯಣ್ಣನವರನ್ನು ನೆನೆಯಿರಿ. 1871ರಿಂದ 1950ರವರೆಗೆ ಬಾಳಿದ ಆ ಮಹನೀಯರು ಮೈಸೂರು ವಿಶ್ವವಿದ್ಯಾಲಯದಲ್ಲಿ ಭಾರತೀಯ ದರ್ಶನಗಳ ಪಾಠವನ್ನು ಎಷ್ಟೋ ವರ್ಷ ಹೇಳಿದರು. ಆ ಪಾಠಗಳ ಆಧಾರದ ಮೇಲೆಯೇ ಬರೆದ ಇಂಗ್ಲಿಷ್ ಗ್ರಂಥವನ್ನು 1932ರಲ್ಲಿ ಹೊರತಂದರು. ಇಂದಿಗೂ ಭಾರತೀಯ ತತ್ತ್ವಶಾಸ್ತ್ರ ಓದುವವರು ಅದನ್ನು ಹಿಡಿಯುತ್ತಾರೆ. ವರ್ಷ ವರ್ಷ ಹೇಳಿದ ಪಾಠ ಒಬ್ಬರಲ್ಲಿ ಗ್ರಂಥವಾಗಿ ಪಕ್ವವಾಗುತ್ತದೆ, ಇನ್ನೊಬ್ಬರಲ್ಲಿ ಗೆದ್ದಲಿಗೆ ಆಹಾರವಾಗುತ್ತದೆ. ಸ್ವಾಧ್ಯಾಯ ಮತ್ತು ಪ್ರವಚನ ಎರಡನ್ನೂ ಉಪನಿಷತ್ತು ಜೊತೆಜೊತೆಯಾಗಿಯೇ ಹೇಳುತ್ತದೆ. ತಾನು ಓದುವುದನ್ನು ನಿಲ್ಲಿಸಿದವನು ಓದಿಸಲಾರ.

ಐದನೆಯದು, ಸಹೋದ್ಯೋಗಿಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಹೋಗಿ ಕುಳಿತುಕೊಳ್ಳಿರಿ; ಅವರನ್ನು ತಮ್ಮ ತರಗತಿಗೆ ಕರೆಯಿರಿ. ತಪ್ಪು ಹುಡುಕಲು ಅಲ್ಲ. ಹಿಂದಿನ ಬೆಂಚಿಗೆ ಏನು ಕೇಳಿಸುತ್ತದೆ, ಏನು ಕೇಳಿಸುವುದಿಲ್ಲ ಎಂದು ತಿಳಿಯಲು.

ಇಲ್ಲಿ ಅತಿಥಿ ಉಪನ್ಯಾಸಕರೂ ಬಂದಿದ್ದಾರೆ. ನಾಡಿನ ಕಾಲೇಜುಗಳಲ್ಲಿ ಸಾವಿರಾರು ಜನ ಹೀಗೆ, ಮುಂದಿನ ವರ್ಷ ಕೆಲಸವಿರುವುದೋ ಇಲ್ಲವೋ ಎಂಬ ಚಿಂತೆಯಲ್ಲಿಯೇ ಪಾಠ ಹೇಳುತ್ತಿದ್ದಾರೆ. ಅವರಿಗೆ ಉಪದೇಶ ಮಾಡಲು ನಮಗೆ ಸಂಕೋಚವಾಗುತ್ತದೆ. ಅವರ ಹೊಟ್ಟೆಯ ಚಿಂತೆ ತೀರಿಸುವುದು ಸಮಾಜದ, ಸರಕಾರದ, ಸಂಸ್ಥೆಗಳನ್ನು ನಡೆಸುವ ನಮ್ಮಂಥ ಮಠಗಳ ಕರ್ತವ್ಯ. ಅಷ್ಟರಲ್ಲಿಯೂ ನಿಷ್ಠೆಯಿಂದ ಕಲಿಸುತ್ತಿರುವ ಅವರಿಗೆ ನಮ್ಮ ಶರಣಾರ್ಥಿಗಳು.

ಕೊನೆಯದಾಗಿ ಸೊನ್ನಲಿಗೆಯ ಸಿದ್ಧರಾಮರನ್ನು ಸ್ಮರಿಸೋಣ. ಅವರು ಸಾಮಾನ್ಯರೇ? ಯೋಗಿಗಳು, ಕೆರೆ ಕಟ್ಟಿಸಿದವರು, ಗುಡಿ ಕಟ್ಟಿಸಿದವರು, ಸಾವಿರಾರು ಶಿಷ್ಯರಿಗೆ ಗುರುಗಳು. ಅಲ್ಲಿಗೆ ಅಲ್ಲಮಪ್ರಭುಗಳು ಬಂದು, ಶಿಷ್ಯರೆಲ್ಲ ಕೇಳುವಂತೆ, ಕೆರೆ ತೋಡುವ ಒಡ್ಡನೆಂದು ಕರೆದು ಕೆಣಕಿದರು. ಶಿಷ್ಯರು ಕಲ್ಲು ಬೀರಿದರು, ಸಿದ್ಧರಾಮರಿಗೂ ಕೋಪ ಬಂದಿತು. ಆದರೆ ಕೋಪ ಇಳಿದ ಮೇಲೆ ಅವರು ಮಾಡಿದ್ದೇನು? ತಮ್ಮ ಪೀಠವನ್ನು ಬಿಟ್ಟು ಕಲ್ಯಾಣಕ್ಕೆ ನಡೆದರು. ವಯಸ್ಸಿನಲ್ಲಿ ತಮಗಿಂತ ಕಿರಿಯರಾದ ಚನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದರು. ಸಾವಿರಾರು ಜನರ ಗುರು, ಒಬ್ಬ ತರುಣನ ಮುಂದೆ ಶಿಷ್ಯನಾಗಿ ಕುಳಿತನು! ಹಾಗೆ ಕುಳಿತದ್ದರಿಂದಲೇ ಮುಂದೆ ಶೂನ್ಯಪೀಠವನ್ನು ಏರುವ ಅಧಿಕಾರ ಅವರಿಗೆ ಬಂದಿತೆಂದು ಪರಂಪರೆ ಹೇಳುತ್ತದೆ. ಅಧ್ಯಾಪಕನು ಸುಧಾರಿಸುವ ದಾರಿ ಇದೊಂದೇ. ತನ್ನ ವಿದ್ಯಾರ್ಥಿಯಿಂದಲೂ ಕಲಿಯಲು ಸಿದ್ಧನಾಗುವುದು. ಉಳಿದ ಕ್ರಮಗಳೆಲ್ಲ ಇದರ ಹಿಂದೆ ತಾವಾಗಿಯೇ ಬರುತ್ತವೆ.

ಆ ಕಂಡಕ್ಟರರ ಮಾತು ಇನ್ನೂ ಸ್ವಲ್ಪ ಉಳಿದಿದೆ. ಬಸ್‌ನಿಲ್ದಾಣದಲ್ಲಿ ನಾವು ಅವನ ಕೈಹಿಡಿದು, "ನೀನು ದಡ್ಡನಲ್ಲ ಮಗು. ಅಂದು ನಿನ್ನ ಪ್ರಶ್ನೆಗೆ ನಮಗೆ ಉತ್ತರ ಗೊತ್ತಿರಲಿಲ್ಲ" ಎಂದು ಹೇಳಿದೆವು. ಅವನು ನಂಬಲಿಲ್ಲ. ಗುರುಗಳು ದೊಡ್ಡ ಮನಸ್ಸಿನಿಂದ ಹೀಗೆ ಅನ್ನುತ್ತಾರೆಂದು ತಿಳಿದನು. ಇಷ್ಟು ತಡವಾಗಿ ಹೇಳಿದ ಸತ್ಯ ಉಪಯೋಗಕ್ಕೆ ಬರಲಿಲ್ಲ. ಈ ವರ್ಷ ಅವನು ಮಗಳನ್ನು ಕರೆದುಕೊಂಡು ಮಠಕ್ಕೆ ಬಂದಿದ್ದನು. ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿಸಿದ್ದಾನೆ. ಚುರುಕಾದ ಕಣ್ಣಿನ ಹುಡುಗಿ. ಆಶೀರ್ವಾದ ಬೇಡುತ್ತ ಅವನು ಹೇಳಿದನು: "ಕ್ಲಾಸಿನ್ಯಾಗ ಏನೂ ಕೇಳಬ್ಯಾಡ, ಸುಮ್ಮ ಕುಂದ್ರು, ಅವಮಾನ ಆಗತೈತಿ ಅಂತ ಹೇಳೇನ್ರೀ ಅಪ್ಪಾರ."

ನಮ್ಮ ಒಂದು ಮಾತು ಎರಡನೆಯ ತಲೆಮಾರಿಗೂ ದಾಟಿತ್ತು. "ತಾಯೀ, ನೀನು ಕೇಳು. ದಿನಾಲು ಒಂದು ಪ್ರಶ್ನೆಯಾದರೂ ಕೇಳಿಯೇ ಬಾ" ಎಂದು ನಾವು ಆಕೆಗೆ ಹೇಳಿ ಕಳಿಸಿದ್ದೇವೆ. ಆದರೆ ತಂದೆಯ ಮಾತು ಗೆಲ್ಲುವುದೋ ನಮ್ಮ ಮಾತು ಗೆಲ್ಲುವುದೋ, ಅದು ನಮ್ಮ ಕೈಯಲ್ಲಿ ಇಲ್ಲ. ಆಕೆ ಮೊದಲ ಸಲ ಎದ್ದು ನಿಂತಾಗ ಎದುರಿಗಿರುವ ಅಧ್ಯಾಪಕರ ಕೈಯಲ್ಲಿದೆ. ಆ ಅಧ್ಯಾಪಕರು ಈ ಸಭೆಯಲ್ಲಿಯೇ ಇರಬಹುದು. ಅಂಥ ಹುಡುಗಿ ತಮ್ಮ ಪ್ರತಿಯೊಂದು ತರಗತಿಯಲ್ಲಿಯೂ ಇದ್ದಾಳೆ. ಉತ್ತರ ಗೊತ್ತಿದ್ದರೆ ಹೇಳಿರಿ. ಗೊತ್ತಿಲ್ಲದಿದ್ದರೆ, "ನನಗೂ ಗೊತ್ತಿಲ್ಲ ತಾಯೀ, ನಾಳೆ ಇಬ್ಬರೂ ನೋಡಿಕೊಂಡು ಬರೋಣ" ಎಂದು ಹೇಳಿರಿ. ನಾವು ಅಂದು ಹೇಳಬೇಕಾಗಿದ್ದದ್ದು ಅಷ್ಟೇ ಮಾತು.

ಕರುಣಾಮಯನಾದ ಪರಮಾತ್ಮನು ಕಲಿಸುವವರಿಗೆ ಕಲಿಯುವ ವಿನಯವನ್ನೂ ಕಲಿಯುವವರಿಗೆ ಕೇಳುವ ಧೈರ್ಯವನ್ನೂ ಕರುಣಿಸಲಿ, ತಮ್ಮೆಲ್ಲರಿಗೂ ಸನ್ಮಂಗಳವಾಗಲಿ ಎಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.